ಹೂಬಳ್ಳಿ ಎಲೆಗಿಡವಾದ ಕಥೆ

ಹೋಯಾ ಇವತ್ತು ಎಲೆಯ ಮೇಲೆ ಬೆಲೆ ಕಟ್ಟುವ ಬಳ್ಳಿ. ಅಂಚಿನ ಬಿಳಿ, ಮೈಮೇಲಿನ ಬೆಳ್ಳಿ ಚುಕ್ಕೆ, ಚಿಗುರಿನ ನಸುಗೆಂಪು ನೋಡಿಯೇ ಗಿರಾಕಿ ಕುಂಡ ಎತ್ತಿಕೊಳ್ಳುವುದು. ಹೂ ಬಿಟ್ಟರೆ ಅದು ಮೇಲಿನ ಲಾಭ. ಇನ್ನೂರು ವರ್ಷದ ಹಿಂದೆ ಲೆಕ್ಕ ಉಲ್ಟಾ ಇತ್ತು. ಅದುವರೆಗೆ ಬೇರೆ ಕುಲಕ್ಕೆ ಸೇರಿಸಿದ್ದ ಈ ಬಳ್ಳಿಯನ್ನು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1810ರಲ್ಲಿ ಪ್ರತ್ಯೇಕಿಸಿ, ಲಂಡನ್ ಪಕ್ಕದ ಸಯಾನ್ ಹೌಸ್‌ನಲ್ಲಿ ನಾರ್ತಂಬರ್ಲೆಂಡಿನ ಡ್ಯೂಕನ ತೋಟ ನೋಡಿಕೊಳ್ಳುತ್ತಿದ್ದ ಥಾಮಸ್ ಹಾಯ್‌ನ ಹೆಸರಿಟ್ಟ. ಬ್ರೌನ್‌ಗೆ ಮುಖ್ಯವಾಗಿದ್ದದ್ದು ಹೂವಿನ ಕಟ್ಟು. ಇದು ನಮ್ಮ ಎಕ್ಕದ ಕುಟುಂಬದ್ದೇ ಬಳ್ಳಿ. ಎಕ್ಕದ ಹೂವಿನ ನಡುವಣ ಕಿರೀಟ ನೋಡಿದವರಿಗೆ, ನಕ್ಷತ್ರದ ಮೇಲೆ ಇನ್ನೊಂದು ನಕ್ಷತ್ರ ಕೂತಂತಿರುವ ಹೋಯಾ ಹೂವು ಹೊಸದೆನಿಸದು. ಹೂವಿನಿಂದ ಎಲೆಗೆ ಆದ ಈ ಪಲ್ಲಟವನ್ನು ಅಭಿರುಚಿಯ ಬದಲಾವಣೆ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಮೊದಲು ಬದಲಾದದ್ದು ಗಿಡ ಇಡುವ ಜಾಗ. ಅಭಿರುಚಿ ಅದರ ಬೆನ್ನಿಗೆ ಬಂತು ಎಂದೇ ನನಗೆ ತೋರುತ್ತದೆ.

19ನೇ ಶತಮಾನದ ಇಂಗ್ಲೆಂಡಿನಲ್ಲಿ ಹೋಯಾ ಬೆಳೆದದ್ದು ಕಲ್ಲಿದ್ದಲಿನಿಂದ ಕಾಯಿಸಿದ ಗಾಜಿನ ಮನೆಗಳಲ್ಲಿ. ವೈದ್ಯ ನಥಾನಿಯಲ್ ವಾರ್ಡ್ ರೂಪಿಸಿದ ಮುಚ್ಚಿದ ಗಾಜಿನ ಪೆಟ್ಟಿಗೆಯಿಂದ ಗಿಡಗಳು ತಿಂಗಳುಗಟ್ಟಲೆ ಹಡಗಿನಲ್ಲಿದ್ದೂ ಬದುಕಿ ಬರುವಂತಾಯಿತು. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜಿನ ಮನೆ ಅಗ್ಗವಾಯಿತು. ವೀಚ್ ನರ್ಸರಿಯ ಪರವಾಗಿ ಥಾಮಸ್ ಲಾಬ್ ಬರ್ಮಾದ ಮೌಲ್ಮೇನ್ ಕಡೆಯಿಂದ ತಂದ ಹೋಯಾ ಬೆಲ್ಲಾ, ಬೋರ್ನಿಯೋದಿಂದ ಬಂದ ಹೋಯಾ ಇಂಪೀರಿಯಾಲಿಸ್ ಎರಡೂ ಆಗಿನ ಸಸ್ಯಪತ್ರಿಕೆಯಲ್ಲಿ ಬಣ್ಣದ ಚಿತ್ರಗಳಾದದ್ದು ಹೂವಿನ ಕಾರಣಕ್ಕೆ. ಈ ವೈಭವ ನಿಂತದ್ದು ಕಲ್ಲಿದ್ದಲಿನ ಮೇಲೆ. ವೀಚ್ ಕುಟುಂಬದ ಚೆಲ್ಸಿ ನರ್ಸರಿ 1914ರಲ್ಲಿ ಬಾಗಿಲು ಹಾಕಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಉರುವಲಿಲ್ಲದೆ ಚಾಟ್ಸ್‌ವರ್ತ್‌ನ ಮಹಾ ಗಾಜಿನ ಮನೆಯ ಗಿಡಗಳು ಸತ್ತವು, ಕಟ್ಟಡವನ್ನೇ 1920ರಲ್ಲಿ ಕೆಡವಿದರು. ಆ ಮೇಲೆ ಹೋಯಾಕ್ಕೆ ಉಳಿದದ್ದು ವಾಸದ ಮನೆಯ ಕಿಟಕಿ. ಅದರ ದಪ್ಪ, ಮೇಣದಂಥ ಎಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹೋಯಾ ಕಾರ್ನೋಸಾ ರಾತ್ರಿಯ ತಂಪಿನಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಕೂಡಿಟ್ಟುಕೊಳ್ಳಬಲ್ಲದು. ಹಾಗಾಗಿ ಒಣಗಾಳಿಯ ಕೋಣೆಯಲ್ಲೂ ಅದು ಸಾಯುವುದಿಲ್ಲ. ಬೆಳಕು ಸಾಲದಿದ್ದರೆ ಹೂ ಬಿಡುವುದೂ ಇಲ್ಲ. ವರ್ಷಗಟ್ಟಲೆ ಹೂವಿಲ್ಲದ ಬಳ್ಳಿಯನ್ನು ಕಾಪಾಡಿಕೊಂಡವರು ದಿನವೂ ನೋಡುತ್ತಿದ್ದದ್ದು ಎಲೆಯನ್ನು ಮಾತ್ರ.

ಎಲೆಯ ಗೀಳು ಗಾಜಿನ ಮನೆಯ ಕಾಲದಲ್ಲೇ ಇತ್ತಲ್ಲ ಎಂದು ಕೇಳಬಹುದು. ಇತ್ತು. ಚಂದದ ಎಲೆಯ ಗಿಡಗಳಿಗೆಂದೇ ಲೋ ಮತ್ತು ಹೋವರ್ಡ್ 1861ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಹೊರಡಿಸಿದ್ದರು. ಬಿಗೋನಿಯಾ, ಕೆಲಾಡಿಯಂಗಳಿಗೆ ಜನ ಮುಗಿಬೀಳುತ್ತಿದ್ದರು. ಎಲೆಯಲ್ಲಿ ಬಿಳಿ ಬೆರೆತ ಹೋಯಾ ಕೂಡ ಆ ಶತಮಾನದಲ್ಲೇ ಗೊತ್ತಿತ್ತು. ಅಭಿರುಚಿಯೊಂದೇ ಸಾಕಾಗಿದ್ದರೆ ಹೋಯಾ ಆಗಲೇ ಎಲೆಗಿಡವಾಗಬೇಕಿತ್ತು. ಬೆಳಕು, ಬಿಸಿ ಎರಡೂ ಧಾರಾಳವಾಗಿದ್ದ ಕಡೆ ಅದು ಹೂ ಬಿಡುತ್ತಲೇ ಇತ್ತು, ಜನ ಹೂವನ್ನೇ ನೋಡುತ್ತಿದ್ದರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಎಲೆಯ ಮೋಹ ಹುಟ್ಟಿಸಿದ್ದು ವ್ಯಾಪಾರಿಗಳು ಎಂಬುದು. ಅಮೆರಿಕ 1930ರಲ್ಲಿ ತಂದ ಸಸ್ಯ ಪೇಟೆಂಟ್ ಕಾಯ್ದೆ ಕಡ್ಡಿ ನೆಟ್ಟೋ ಕಸಿ ಕಟ್ಟಿಯೋ ಹೆಚ್ಚಿಸುವ ತಳಿಗಳಿಗೆ ರಕ್ಷಣೆ ಕೊಟ್ಟಿತು. ಎಲೆಯ ಬಿಳಿ ಬಣ್ಣ ಬೀಜದಲ್ಲಿ ನೆಚ್ಚಿಕೆಯಿಂದ ಇಳಿದು ಬರುವುದಿಲ್ಲ, ಕಡ್ಡಿಯಲ್ಲಿ ಬರುತ್ತದೆ. ಕಾಯ್ದೆಗೂ ಬಣ್ಣದೆಲೆಗೂ ಸರಿಯಾಗಿ ಕೂಡಿಬಂತು. ಫ್ಲೋರಿಡಾದ ಕೋಬಿಯಾ ಸಂಸ್ಥೆ ಕಾರ್ನೋಸಾದ ಇಂಥ ತಳಿಗಳಿಗೆ ಪೇಟೆಂಟ್ ಪಡೆಯಿತು. ಕ್ರಿಮ್ಸನ್ ಕ್ವೀನ್‌ಗೆ ಬಿಳಿ ಎಲೆಯಂಚಿನಲ್ಲಿ, ಕ್ರಿಮ್ಸನ್ ಪ್ರಿನ್ಸೆಸ್‌ಗೆ ನಡುವಿನಲ್ಲಿ. ಇವನ್ನು ಸಾಕುವುದೆಂದರೆ ಕಾವಲು ಕಾಯುವ ಕೆಲಸವೇ: ಪೂರ್ತಿ ಹಸಿರು ಕವಲು ಬಂದರೆ ಅದು ಜೋರಾಗಿ ಬೆಳೆದು ಬಣ್ಣದ ಕವಲನ್ನು ಹಿಂದೆ ಹಾಕುತ್ತದೆ, ಕತ್ತರಿಸಬೇಕು, ಪೂರ್ತಿ ಬಿಳಿ ಕವಲಿಗೆ ಪತ್ರಹರಿತ್ತೇ ಇಲ್ಲ, ಉಳಿದ ಎಲೆಗಳ ಅನ್ನದಲ್ಲಿ ಬದುಕುವ ಅದನ್ನು ಬೇರೆ ನೆಟ್ಟರೆ ಸಾಯುತ್ತದೆ. ವ್ಯಾಪಾರದ ಕೈವಾಡ ಇಲ್ಲಿ ಇದೆ, ಒಪ್ಪೋಣ. ಆದರೆ ವ್ಯಾಪಾರಿ ಎಲೆಯನ್ನೇ ಆರಿಸಿಕೊಂಡದ್ದು, ಗಿರಾಕಿಯ ಮನೆಯಲ್ಲಿ ಹೂ ಬಂದೇ ಬರುತ್ತದೆಂದು ಮಾತು ಕೊಡಲಾಗದ್ದರಿಂದ.

ಎಲೆಯ ಈ ಮೋಹದ ಕೊನೆಯ ಮಜಲು ಹೋಯಾ ಕೆರ್ರಿಯಿ. ಥಾಯ್ಲೆಂಡಿನಲ್ಲಿ ವೈದ್ಯನಾಗಿದ್ದ ಆರ್ಥರ್ ಕೆರ್ ಸಂಗ್ರಹಿಸಿದ, 1911ರಲ್ಲಿ ಸಸ್ಯವಿಜ್ಞಾನಿ ಕ್ರೇಬ್ ವಿವರಿಸಿದ ಈ ಬಳ್ಳಿಯ ಎಲೆ ಹೃದಯದ ಆಕಾರದ್ದು. ಪ್ರೇಮಿಗಳ ದಿನಕ್ಕೆ ಒಂದೇ ಎಲೆಯನ್ನು ಪುಟ್ಟ ಕುಂಡಕ್ಕೆ ಸಿಕ್ಕಿಸಿ ಮಾರುತ್ತಾರೆ. ತೊಟ್ಟಿನ ಬುಡದಲ್ಲಿ ಬಳ್ಳಿಯ ಗಿಣ್ಣಿನ ಚೂರಿಲ್ಲದಿದ್ದರೆ ಆ ಎಲೆ ಬೇರು ಬಿಟ್ಟು ವರ್ಷಗಟ್ಟಲೆ ಹಸಿರಾಗಿರುತ್ತದೆ, ಚಿಗುರೊಡೆಯುವುದಿಲ್ಲ. ಕೊಂಡವರ ಪಾಲಿಗೆ ಇದು ಹೆಚ್ಚುಕಡಿಮೆ ಮೋಸವೇ.

ಜಾಗವೇ ಅಭಿರುಚಿಯನ್ನು ಬದಲಿಸಿತು ಎಂಬ ವಾದಕ್ಕೆ ನಮ್ಮಲ್ಲಿ ಒಂದು ತೊಡಕಿದೆ. ಪಶ್ಚಿಮ ಘಟ್ಟದ ಮರಗಳ ಮೇಲೆ ಹೋಯಾ ವೈಟಿಯಿಯಂಥ ಜಾತಿಗಳು ತಾವಾಗಿಯೇ ಹಬ್ಬಿ ಹೂ ಬಿಡುತ್ತವೆ. ಬೆಂಗಳೂರಿನ ಬಾಲ್ಕನಿಗೆ ಗಾಜಿನ ಮನೆಯ ಹಂಗಿಲ್ಲ. ಬೆಳಗಿನ ಬಿಸಿಲು ಬಿದ್ದರೆ ಕಾರ್ನೋಸಾ ಗೊಂಚಲು ಬಿಡುತ್ತದೆ, ಹೂ ಉದುರಿದ ಮೇಲೆ ಆ ತೊಟ್ಟನ್ನು ಕತ್ತರಿಸದೆ ಬಿಟ್ಟರೆ ಮತ್ತೆ ಅದರಲ್ಲೇ ಮೊಗ್ಗು ಬರುತ್ತದೆ. ಆದರೂ ಇಲ್ಲಿನ ಹವ್ಯಾಸಿಗಳು ಎಲೆಯ ಹೆಸರಿನಲ್ಲೇ ತಳಿ ಹುಡುಕುತ್ತಾರೆ. ಕತ್ತಲೆ ಕೋಣೆಗಳಲ್ಲಿ ಹುಟ್ಟಿದ ಅಭಿರುಚಿ ಬೆಳಕಿರುವ ಊರಿಗೂ ಬಂದಿದೆ. ಕೊರಿಯರ್‌ನಲ್ಲಿ ಕಳಿಸಲು ಒಂದು ಗಿಣ್ಣು, ಎರಡು ಎಲೆಯ ಕಡ್ಡಿ ಸಾಕಾಗುವಾಗ ಅದು ಬರುವುದೇನೂ ಕಷ್ಟವಲ್ಲ.