ವಿಶೇಷ ಮಕ್ಕಳ ಆರೋಗ್ಯ ವಿಮೆ: ನಡೆದು ಬಂದ ದಾರಿ



ನಮ್ಮ ಅಲೀಪುರದಲ್ಲಿ ಹುಟ್ಟಿನಿಂದಲೇ ಕಿವಿ ಕೇಳದ ಮಕ್ಕಳು ಹಲವು ತಲೆಮಾರುಗಳಿಂದ ಇದ್ದಾರೆ. ಅವರೊಡನೆ ಬಾಳುತ್ತಾ ಊರು ತನ್ನದೇ ಆದ ಕೈಸನ್ನೆಯ ಭಾಷೆಯೊಂದನ್ನು ಕಟ್ಟಿಕೊಂಡಿತು. 2012ರಲ್ಲಿ ಪ್ರಕಟವಾದ ಸಿಬಾಜಿ ಪಂಡಾ ಅವರ ಅಧ್ಯಯನದಿಂದ ‘ಅಲೀಪುರ ಸಂಜ್ಞಾ ಭಾಷೆ’ ಹೊರದೇಶದ ವಿದ್ವಾಂಸರಿಗೂ ಪರಿಚಯವಾಯಿತು. ಮಾತಿನ ಕೊರತೆಯನ್ನು ಊರೇ ನೀಗಿಸಿತು. ಆದರೆ ಚಿಕಿತ್ಸೆಯ ಖರ್ಚನ್ನು ನೀಗಿಸುವವರು ಯಾರು? ಈ ಪ್ರಶ್ನೆಗೆ ಸರ್ಕಾರಗಳು ಕೊಟ್ಟ ಉತ್ತರಗಳ ಇತಿಹಾಸವನ್ನು ನಾವು ತಿಳಿಯಬೇಕು.

1995ರ ಅಂಗವಿಕಲರ ಕಾಯ್ದೆಯಲ್ಲಿ ವಿಮೆಯ ಮಾತಿತ್ತು. ಆದರೆ ಅದು ಸರ್ಕಾರಿ ನೌಕರರಿಗಾಗಿ. ಮಕ್ಕಳು ಅದರಲ್ಲಿರಲಿಲ್ಲ. 1999ರ ಕಾಯ್ದೆಯಿಂದ ರಾಷ್ಟ್ರೀಯ ನ್ಯಾಸ ಸ್ಥಾಪನೆಯಾಯಿತು. ಅದು 2008ರಲ್ಲಿ ‘ನಿರಾಮಯ’ ವಿಮೆಯನ್ನು ತಂದಿತು. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಮತ್ತು ಬಹುವೈಕಲ್ಯ ಇರುವವರಿಗೆ ವೈದ್ಯಕೀಯ ತಪಾಸಣೆಯ ಷರತ್ತಿಲ್ಲದೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಟ್ಟಿದ್ದು ದೊಡ್ಡ ಹೆಜ್ಜೆ. ಆದರೆ ಕಿವುಡುತನವೊಂದೇ ಇರುವ ಮಗು ಈ ಪಟ್ಟಿಯಿಂದ ಹೊರಗುಳಿಯಿತು.

ಅದೇ 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯ ಚಿಕಿತ್ಸೆ ಒದಗಿಸಿತು. ಆದರೆ ಐವರಿಗೆ ಮಾತ್ರ. ಆರು ಜನರಿರುವ ಮನೆಯಲ್ಲಿ ಯಾರ ಹೆಸರನ್ನು ಬಿಡುವುದು? 2015ರ ‘ಸ್ವಾವಲಂಬನ’ ವಿಮೆ ಶ್ರವಣದೋಷವನ್ನೂ ಸೇರಿಸಿಕೊಂಡಿತ್ತಾದರೂ ಬಹುಕಾಲ ನಡೆಯಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಹೆಚ್ಚಿಸಿ, ಬೇರೆ ಯಾವ ವಿಮೆಯೂ ಇಲ್ಲದವರಿಗೆ ಸಮಗ್ರ ವಿಮೆಯ ಮಾತನ್ನೂ ಆಡಿತು.

2018ರಲ್ಲಿ ನಮ್ಮ ರಾಜ್ಯದ ‘ಆರೋಗ್ಯ ಕರ್ನಾಟಕ’ ಮತ್ತು ಕೇಂದ್ರದ ‘ಆಯುಷ್ಮಾನ್ ಭಾರತ್’ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, ಹೆಚ್ಚೆಂದರೆ 1.5 ಲಕ್ಷ. ಇಲ್ಲಿ ಐವರೆಂಬ ಮಿತಿಯಿಲ್ಲ.

ಕಿವುಡು ಮಕ್ಕಳಿಗೆ ಇನ್ನೊಂದು ದಾರಿಯಿದೆ. ಅದು ವಿಮೆಯಲ್ಲ, ನೆರವು. 1981ರಿಂದ ನಡೆದುಬಂದ ಕೇಂದ್ರದ ಅಡಿಪ್ ಯೋಜನೆಯನ್ನು 2014ರಲ್ಲಿ ತಿದ್ದಿ, ಕಾಕ್ಲಿಯರ್ ಇಂಪ್ಲಾಂಟಿಗೆ ಮಗುವೊಂದಕ್ಕೆ 6 ಲಕ್ಷ ರೂಪಾಯಿವರೆಗೆ ಕೊಡಲು ಅವಕಾಶ ಮಾಡಲಾಯಿತು. ಆದರೆ ಹುಟ್ಟುಕಿವುಡಾದ ಮಗು 5 ವರ್ಷ ದಾಟಿರಬಾರದು. ಮಾತು ಕಲಿಯುವ ವಯಸ್ಸು ಕಳೆದ ಮೇಲೆ ಉಪಕರಣದ ಫಲ ಕಡಿಮೆ ಎಂಬುದೇ ಇದಕ್ಕೆ ಕಾರಣ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬರುವುದು ಇಂಥ ದೋಷಗಳನ್ನು ಬೇಗ ಗುರುತಿಸಲೆಂದೇ.

ಓದುಗರೇ, ಯೋಜನೆಗಳ ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಬದಲಾಗದ ಸಂಗತಿಯೊಂದಿದೆ: ಕಾಗದದಲ್ಲಿ ಹೆಸರಿಲ್ಲದ ಮಗುವಿಗೆ ಯಾವ ಯೋಜನೆಯೂ ತಲುಪುವುದಿಲ್ಲ. ‘ನಮ್ಮೂರಲ್ಲಿ ಇದು ಇದ್ದದ್ದೇ’ ಎಂದು ಸುಮ್ಮನಿದ್ದರೆ ಐದು ವರ್ಷ ಕಣ್ಮುಚ್ಚಿ ಬಿಡುವುದರೊಳಗೆ ಕಳೆದುಹೋಗುತ್ತವೆ. ಮೊದಲ ವರ್ಷದಲ್ಲೇ ಮಗುವಿನ ಕಿವಿ ಪರೀಕ್ಷೆ ಮಾಡಿಸೋಣ. ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಿ, ಯುಡಿಐಡಿ ಕಾರ್ಡ್ ಮಾಡಿಸೋಣ. ಕೈಸನ್ನೆಯನ್ನೂ ಕೈಬಿಡದೆ ಕಲಿಸೋಣ. ಮಕ್ಕಳು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ಅದನ್ನು ಕಾಪಾಡುವುದು ನಮ್ಮೆಲ್ಲರ ಹೊಣೆ.