ಫ್ಲೋಸಾಲ್ವರ್: ಪ್ರೊಸೆಸರ್ ನಾಲ್ಕು, ಹಂಚಿಕೆಯ ಮೆಮೊರಿ ಒಂದು

ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ 1986ರಲ್ಲಿ ಕಟ್ಟಿದ ಸಮಾಂತರ ಕಂಪ್ಯೂಟರ್ ಇದು. ಈ ಬಗೆಯ ಯಂತ್ರಗಳಲ್ಲಿ ದೇಶದ ಮೊದಲಿನವುಗಳಲ್ಲೊಂದು. ಯು.ಎನ್. ಸಿನ್ಹಾ ತಂಡದ ಹೆಮ್ಮೆಯ ಕೆಲಸ. ಗಾಳಿಯ ಹರಿವಿನ ಲೆಕ್ಕಕ್ಕೆಂದು ಹುಟ್ಟಿದ ಇದರ ಮುಂದಿನ ಮಾದರಿಗಳು ಮುಂಗಾರು ಮುನ್ಸೂಚನೆಗೂ ದುಡಿದವು.

ತರೀಕೆರೆಯ ಮಲೆನಾಡ ಸೆರಗಿನಲ್ಲಿ ಮಳೆ ಹಿಡಿದಾಗಲೂ ಅಜ್ಜಂಪುರ, ಕಡೂರಿನ ಬಯಲು ಒಣಗಿರುವುದುಂಟು. ಮುನ್ಸೂಚನೆಗಾಗಿ ಇಂಥ ವಾತಾವರಣವನ್ನು ತುಂಡು ಮಾಡಿ ಪ್ರೊಸೆಸರ್‌ಗಳಿಗೆ ಹಂಚಿದಾಗ, ಪ್ರತಿ ತುಂಡಿಗೂ ಪಕ್ಕದ ತುಂಡಿನ ಗಾಳಿ, ತೇವ, ಒತ್ತಡದ ಅಂಕಿ ಬೇಕೇ ಬೇಕು. ಒಂದು ಪ್ರೊಸೆಸರ್ ಬರೆದದ್ದನ್ನು ಇನ್ನೊಂದು ಓದುವ ಜಾಗವೇ ಹಂಚಿಕೆಯ ಮೆಮೊರಿ. ಬರೆದು ಮುಗಿಯುವ ಮೊದಲೇ ಓದಿದರೆ ಲೆಕ್ಕ ಕೆಡುತ್ತದೆ. ಆದ್ದರಿಂದ ಪ್ರತಿ ಹಂತದಲ್ಲೂ ಎಲ್ಲವೂ ಕಾದು ಒಟ್ಟಿಗೆ ಮುಂದುವರಿಯಬೇಕು.

ಗಮನಿಸಬೇಕಾದದ್ದು: ಫ್ಲೋಸಾಲ್ವರ್‌ನ ಪ್ರತಿ ಪ್ರೊಸೆಸರ್‌ನಲ್ಲೂ ತಲಾ 40 ಕಾಲುಗಳ ಜೋಡಿ ಚಿಪ್‌ಗಳು. 8086 ಆದೇಶ ನಡೆಸಿದರೆ, 8087 ದಶಮಾಂಶದ ಲೆಕ್ಕ ಮಾಡುತ್ತದೆ.