ಕರ್ನಾಟಕದಲ್ಲಿ ಸೇನಾ ವಿಮಾನ ವೀಕ್ಷಣೆ ಮತ್ತು ಹಾರಾಟ ಅನುಕರಣೆ

ಸೇನಾ ವಿಮಾನ ವೀಕ್ಷಣೆ ಎಂಬುದು ವಾಯುಪಡೆ ಮತ್ತು ನೌಕಾಪಡೆಗಳ ವಿಮಾನಗಳ ಮಾದರಿಯನ್ನು ಗುರುತಿಸಿ, ಕಂಡ ಸ್ಥಳ ಹಾಗೂ ದಿನಾಂಕಗಳೊಡನೆ ದಾಖಲಿಸುವ ಹವ್ಯಾಸ. ಅಂತಹ ವಿಮಾನಗಳ ಚಾಲನೆಯನ್ನು ಗಣಕಯಂತ್ರದಲ್ಲಿ ನೈಜತೆಗೆ ಹತ್ತಿರವಾಗಿ ಅಭ್ಯಾಸ ಮಾಡುವುದನ್ನು ಯುದ್ಧವಿಮಾನ ಹಾರಾಟದ ಅನುಕರಣೆ ಅಥವಾ ಸಿಮ್ಯುಲೇಶನ್ ಎನ್ನಲಾಗುತ್ತದೆ. ವಿಮಾನಗಳ ತಯಾರಿಕೆ, ತರಬೇತಿ ಮತ್ತು ಪ್ರದರ್ಶನ ಮೂರೂ ನಡೆಯುವ ಕರ್ನಾಟಕದಲ್ಲಿ ಈ ಹವ್ಯಾಸಗಳಿಗೆ ಸಹಜವಾದ ನೆಲೆಯಿದೆ.

ಹಿನ್ನೆಲೆ

ಬ್ರಿಟನ್ನಿನಲ್ಲಿ ೧೯೨೫ರಲ್ಲಿ ಸ್ಥಾಪನೆಯಾದ ಅಬ್ಸರ್ವರ್ ಕೋರ್‌ನ ಸ್ವಯಂಸೇವಕರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕಾರ ಮತ್ತು ಸದ್ದಿನಿಂದಲೇ ವಿಮಾನಗಳನ್ನು ಗುರುತಿಸಿ ವರದಿ ಮಾಡುತ್ತಿದ್ದರು. ರಕ್ಷಣಾ ಕರ್ತವ್ಯವಾಗಿದ್ದ ಈ ವಿದ್ಯೆ ಯುದ್ಧಾನಂತರ ಹವ್ಯಾಸವಾಗಿ ಬೆಳೆಯಿತು. ಹಾರಾಟ ಅನುಕರಣೆಯ ಮೂಲವೂ ತರಬೇತಿಯಲ್ಲಿದೆ. ಆರ್ಗನ್ ವಾದ್ಯ ತಯಾರಿಸುವ ಕುಟುಂಬದ ಅಮೆರಿಕನ್ನರಾದ ಎಡ್ವಿನ್ ಲಿಂಕ್, ಆ ವಾದ್ಯದ ತಿದಿಗಳ ತಂತ್ರವನ್ನೇ ಬಳಸಿ ೧೯೨೯ರ ವೇಳೆಗೆ ನೆಲದ ಮೇಲಿನ ತರಬೇತಿ ಯಂತ್ರವೊಂದನ್ನು ರೂಪಿಸಿದರು.

ಕರ್ನಾಟಕದಲ್ಲಿ

೧೯೪೦ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ (ಇಂದಿನ ಎಚ್‌ಎಎಲ್) ಆರಂಭವಾಯಿತು. ಇಲ್ಲಿಂದಲೇ ಮಾರುತ್ ಯುದ್ಧವಿಮಾನವು ೧೯೬೧ರ ಜೂನ್ ೧೭ರಂದು, ತೇಜಸ್ ೨೦೦೧ರ ಜನವರಿ ೪ರಂದು ಮೊದಲ ಬಾರಿಗೆ ಹಾರಿದವು. ೧೯೯೬ರಿಂದ ಯಲಹಂಕ ವಾಯುನೆಲೆಯಲ್ಲಿ ನಡೆಯುತ್ತಿರುವ ಏರೋ ಇಂಡಿಯಾ ವೈಮಾನಿಕ ಪ್ರದರ್ಶನವು ಸಾರ್ವಜನಿಕರಿಗೆ ದೊರೆಯುವ ದೊಡ್ಡ ಅವಕಾಶ. ೨೦೨೫ರಲ್ಲಿ ಅಮೆರಿಕದ ಎಫ್-೩೫ ಹಾಗೂ ರಷ್ಯಾದ ಸು-೫೭ ಎರಡೂ ಅಲ್ಲಿಗೆ ಬಂದಿದ್ದವು. ಬೀದರ್ ವಾಯುನೆಲೆಯು ಹಾಕ್ ವಿಮಾನಗಳ ತರಬೇತಿ ಕೇಂದ್ರವೂ ಸೂರ್ಯಕಿರಣ ತಂಡದ ನೆಲೆಯೂ ಆಗಿದೆ. ೨೦೧೯ರ ಫೆಬ್ರವರಿ ೧೯ರಂದು ಯಲಹಂಕದಲ್ಲಿ ತಾಲೀಮಿನ ವೇಳೆ ಈ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ಮೃತಪಟ್ಟರು.

ಶಿವಮೊಗ್ಗ ಮತ್ತು ಭದ್ರಾವತಿ

ಶಿವಮೊಗ್ಗ ಜಿಲ್ಲೆಯಲ್ಲಿ ವಾಯುಪಡೆಯ ನೆಲೆಯಿಲ್ಲ. ಆದ್ದರಿಂದ ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ವೀಕ್ಷಕರಿಗೆ ಕಾಣಸಿಗುವುದು ಬಹುಮಟ್ಟಿಗೆ ಎತ್ತರದಲ್ಲಿ ಹಾದುಹೋಗುವ ವಿಮಾನಗಳು. ಮುಂಗಾರಿನ ತಿಂಗಳುಗಳಲ್ಲಿ ಮೋಡದಿಂದಾಗಿ ಅದೂ ಕಷ್ಟ. ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು ೨೦೨೩ರ ಫೆಬ್ರವರಿ ೨೭ರಂದು ಉದ್ಘಾಟನೆಯಾಯಿತು. ಅದಕ್ಕೆ ಮುನ್ನ ಭಾರತೀಯ ವಾಯುಪಡೆಯ ಬೋಯಿಂಗ್ ೭೩೭ ವಿಮಾನವೊಂದು ಪರೀಕ್ಷಾರ್ಥವಾಗಿ ಅಲ್ಲಿ ಇಳಿದಿತ್ತು.

ಗುರುತಿಸುವ ವಿಧಾನ

ಸೇನಾ ವಿಮಾನಗಳು ಹಲವು ವೇಳೆ ತಮ್ಮ ಸ್ಥಾನವನ್ನು ಬಿತ್ತರಿಸುವುದಿಲ್ಲವಾದ್ದರಿಂದ ಮೊಬೈಲ್ ಆ್ಯಪ್‌ಗಳಿಗಿಂತ ಕಣ್ಣನ್ನೇ ನಂಬಬೇಕಾಗುತ್ತದೆ. ರೆಕ್ಕೆ, ಬಾಲ, ಎಂಜಿನ್ ಮತ್ತು ಗಾಳಿದ್ವಾರಗಳು ಮುಖ್ಯ ಲಕ್ಷಣಗಳು. ತೇಜಸ್ ಮತ್ತು ಮಿರಾಜ್-೨೦೦೦ ಎರಡೂ ತ್ರಿಕೋನ ರೆಕ್ಕೆಯ, ಒಂದೇ ಎಂಜಿನ್ನಿನ ವಿಮಾನಗಳು. ಆದರೆ ತೇಜಸ್‌ನ ರೆಕ್ಕೆಯ ಮುಂಚು ನಡುವೆ ಬಾಗಿದ್ದರೆ ಮಿರಾಜ್‌ನದು ನೇರವಾಗಿರುತ್ತದೆ. ಸುಖೋಯ್-೩೦ ಎಂಕೆಐ ವಿಮಾನಕ್ಕೆ ಎರಡು ಎಂಜಿನ್, ಎರಡು ಲಂಬ ಬಾಲಗಳು ಹಾಗೂ ರೆಕ್ಕೆಯ ಮುಂದೆ ಕಿರುರೆಕ್ಕೆಗಳಿವೆ.

ಹಾರಾಟ ಅನುಕರಣೆ

ವಾಯುನೆಲೆಗಳಿಂದ ದೂರವಿರುವವರಿಗೂ ಈ ಹವ್ಯಾಸ ಸಾಧ್ಯ. ಫಾಲ್ಕನ್ ೪.೦ (೧೯೯೮), ಐಎಲ್-೨ ಸ್ಟರ್ಮೋವಿಕ್ (೨೦೦೧) ಮತ್ತು ಡಿಸಿಎಸ್ ವರ್ಲ್ಡ್ ಪ್ರಸಿದ್ಧ ತಂತ್ರಾಂಶಗಳು. ಭಾರತೀಯ ವಾಯುಪಡೆ ಬಳಸಿದ ಮಿಗ್-೨೧ ಹಾಗೂ ಮಿರಾಜ್-೨೦೦೦ ಮಾದರಿಯ ವಿಮಾನಗಳು ಡಿಸಿಎಸ್‌ನಲ್ಲಿವೆ. ಸಾಮಾನ್ಯ ಆಟಗಳಿಗಿಂತ ಭಿನ್ನವಾಗಿ ಇವುಗಳಲ್ಲಿ ಎಂಜಿನ್ ಚಾಲೂ ಮಾಡುವ ಕ್ರಮ, ಇಂಧನದ ತೂಕ ಮತ್ತು ರೇಡಾರ್ ಬಳಕೆಯನ್ನು ಕಲಿಯಬೇಕಾಗುತ್ತದೆ. ಜಾಯ್‌ಸ್ಟಿಕ್, ಥ್ರಾಟಲ್ ಮತ್ತು ರಡರ್ ಪೆಡಲ್‌ಗಳು ಸಾಮಾನ್ಯ ಉಪಕರಣಗಳು. ತೀವ್ರ ತಿರುವಿನಲ್ಲಿ ಪೈಲಟ್‌ನ ಕಣ್ಣು ಮಂಜಾಗುವುದನ್ನು ಪರದೆ ತೋರಿಸಬಲ್ಲದು. ಆದರೆ ಆಗ ದೇಹದ ಮೇಲೆ ಬೀಳುವ ಭಾರವನ್ನು ಮನೆಯ ಉಪಕರಣಗಳು ಕೊಡಲಾರವು.

ಕಾನೂನು ಮತ್ತು ಮಿತಿಗಳು

ಅಧಿಕೃತ ರಹಸ್ಯಗಳ ಕಾಯ್ದೆ, ೧೯೨೩ರ ಪ್ರಕಾರ ರಕ್ಷಣಾ ನೆಲೆಗಳು ನಿಷೇಧಿತ ಸ್ಥಳಗಳಾಗಿದ್ದು, ಅಲ್ಲಿ ಅನುಮತಿಯಿಲ್ಲದೆ ಚಿತ್ರ ತೆಗೆಯುವುದು ಗಂಭೀರ ಪ್ರಕರಣಕ್ಕೆ ದಾರಿಯಾಗಬಹುದು. ೨೦೦೧ರ ನವೆಂಬರ್‌ನಲ್ಲಿ ಗ್ರೀಸ್‌ನ ಕಲಮಾಟಾದಲ್ಲಿ ೧೪ ಮಂದಿ ಬ್ರಿಟಿಷ್ ಮತ್ತು ಡಚ್ ವೀಕ್ಷಕರು ಬೇಹುಗಾರಿಕೆಯ ಆರೋಪದ ಮೇಲೆ ಬಂಧಿತರಾದರು. ಕೆಳ ನ್ಯಾಯಾಲಯ ಶಿಕ್ಷೆ ವಿಧಿಸಿತಾದರೂ ೨೦೦೨ರಲ್ಲಿ ಮೇಲ್ಮನವಿಯಲ್ಲಿ ಬಿಡುಗಡೆ ಹೊಂದಿದರು. ಅನುಕರಣೆಯೂ ಇದಕ್ಕೆ ಹೊರತಲ್ಲ: ಎಫ್-೧೬ ವಿಮಾನದ ನಿರ್ಬಂಧಿತ ಕೈಪಿಡಿಗಳನ್ನು ತರಿಸಿಕೊಂಡ ಪ್ರಕರಣದಲ್ಲಿ ರಷ್ಯಾದ ತಂತ್ರಾಂಶ ಅಭಿವೃದ್ಧಿಗಾರರೊಬ್ಬರು ೨೦೧೯ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಹೀಗಾಗಿ ಸಾರ್ವಜನಿಕ ಪ್ರದರ್ಶನಗಳು ಮತ್ತು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಂತಹ ಸ್ಥಳಗಳು ಹವ್ಯಾಸಿಗಳಿಗೆ ಸುರಕ್ಷಿತ ಆಯ್ಕೆಗಳಾಗಿವೆ.